ಮಾಂಗೆರೆ ಲಗೂನ್ ಸುತ್ತ ಅಮ್ಮನ ವಾಕಿಂಗ್: ಅನುಭವ ಇದ್ದವರು ಹೇಳಿ

ಹಾಸನದ ಹುಡುಗಿ: ಡಿಸೆಂಬರಿನಲ್ಲಿ ಅಪ್ಪ ಅಮ್ಮ ಆಕ್ಲೆಂಡಿಗೆ ಬರುತ್ತಿದ್ದಾರೆ. ಅಮ್ಮನಿಗೆ ಮಂಡಿನೋವು, ಆದರೂ ದಿನಾ ವಾಕಿಂಗ್ ಬೇಕೇ ಬೇಕು. ಮಾಂಗೆರೆ ಲಗೂನ್ ಸರಿಹೋಗುತ್ತಾ, ಪನ್ಮೂರ್ ಬೇಸಿನ್ ವಾಸಿನಾ?

ಮಾಂಗೆರೆ ಮಾವ: ಲಗೂನೇ ಸರಿ, ಯೋಚನೆನೇ ಬೇಡ. ನಾನು 1998ರಲ್ಲಿ ಬಂದಾಗ ಅಲ್ಲಿ ಇದ್ದಿದ್ದು ಇಡೀ ಊರಿನ ಚರಂಡಿಯ ಗಸಿ. ಕಾರಿನ ಗಾಜು ಏರಿಸಿಕೊಂಡೇ ದಾಟುತ್ತಿದ್ದೆವು. ಆ ಬದಿ ಮನೆ ತಗೊಂಡಾಗ ನೆಂಟರೆಲ್ಲ ಬೈದರು. ಆಮೇಲೆ ಗಸಿ ತೆಗೆದು, ಸಮುದ್ರದ ನೀರು ಮತ್ತೆ ಒಳಗೆ ಬರೋ ಹಾಗೆ ಮಾಡಿದರು. ಲಗೂನ್ ಇರೋದೇ ಹಳೇ ಜ್ವಾಲಾಮುಖಿಯ ಬಾಯಿಯಲ್ಲಿ, ಅದರ ನಡುವೆ ಇದ್ದ ಪುಟ್ಟ ಗುಡ್ಡವನ್ನೂ ಹೊಸದಾಗಿ ಕಟ್ಟಿದರು. ಈಗ ಇಳಿತದ ಹೊತ್ತಿಗೆ ಹೋದರೆ ಮೆಟ್ಟುಗಾಲು ಹಕ್ಕಿಗಳು ಕೆಂಪು ಕಾಲು ಎತ್ತಿ ಎತ್ತಿ ಇಡುತ್ತಾ, ಕೆಸರಿಗೆ ಸೂಜಿ ಚುಚ್ಚಿದ ಹಾಗೆ ಕೊಕ್ಕು ಇಳಿಸುತ್ತವೆ. ಸೆಪ್ಟೆಂಬರಿನಲ್ಲಿ ಕುವಾಕಾ (ಗಾಡ್ವಿಟ್) ಹಕ್ಕಿಗಳು ಅಲಾಸ್ಕಾದಿಂದ ಈ ತೀರಕ್ಕೆ ಬರುತ್ತವೆ. 11,000 ಕಿಲೋಮೀಟರಿಗೂ ಜಾಸ್ತಿ, ಎಲ್ಲೂ ಇಳಿಯದೆ. ಅವನ್ನು ನೋಡೋಕೆ ಅಂತಲೇ 340 ಡಾಲರ್ ಕೊಟ್ಟು ದುರ್ಬೀನು ತಗೊಂಡೆ.

ಮಂಡ್ಯದವಳು: ಹಕ್ಕಿ ಇರಲಿ ಮಾವ, ಕಾಲಿನ ಕಥೆ ನಾನು ಹೇಳುತ್ತೇನೆ. ನಮ್ಮಮ್ಮ ಅದೇ ಲಗೂನಿನ ಜಲ್ಲಿ ಮೇಲೆ ಜಾರಿದರು. ಬಂದು ಒಂಬತ್ತನೇ ದಿನ. ಫಿಜಿಯೋ ಆರು ಸಲ, ಸಲಕ್ಕೆ 45 ಕೈಯಿಂದ, ಅಲ್ಲಿಗೆ 270. ಶೂ 219. ಊರುಗೋಲು 38. ವಾಪಸ್ ಟಿಕೆಟ್ ಮುಂದಕ್ಕೆ ಹಾಕಿಸಿದ್ದಕ್ಕೆ 310. ಒಟ್ಟು 837 ಡಾಲರ್. ಊರಿನಲ್ಲಿ ತಮ್ಮನ ಮಗುವಿನ ನಾಮಕರಣವೂ ತಪ್ಪಿತು, ಅದನ್ನು ಅಮ್ಮ ಇವತ್ತಿಗೂ ಅನ್ನುತ್ತಾರೆ. ಆಮೇಲೆ ಬರೀ ಪನ್ಮೂರ್. ಅದೂ ಹಳೇ ಜ್ವಾಲಾಮುಖಿ ಬಾಯಿಯೇ, ಅಲ್ಲೂ ಉಬ್ಬರದ ನೀರು ಬರುತ್ತೆ. ಆದರೆ ಹಾದಿ ನುಣ್ಣಗಿದೆ.

ಮಾಂಗೆರೆ ಮಾವ: ಅವರ ಕಾಲಲ್ಲಿ ಏನಿತ್ತು ಅವತ್ತು? ಚಪ್ಪಲಿ ತಾನೇ?

ಮಂಡ್ಯದವಳು: ಹೌದು, ಚಪ್ಪಲಿ. ಅರವತ್ತೆಂಟು ವರ್ಷ ಚಪ್ಪಲಿಯಲ್ಲೇ ಗದ್ದೆ ಬದುವಿನ ಮೇಲೆ ನಡೆದವರು. ನಿಮ್ಮ ಲಗೂನಿಗೆ ಒಂದು ಮಾತು ಬಂದರೆ ನಮ್ಮಮ್ಮನದೇ ತಪ್ಪಾಯ್ತಾ?

ಕಾರವಾರ ಕಾಂಡ್ಲಾ: ಇಬ್ಬರೂ ಸೇತುವೆ ದಾಟಿ ನಾರ್ತ್‌ಕೋಟಿನ ಟಫ್ ಕ್ರೇಟರಿಗೆ ಬನ್ನಿ, ಅದೂ ಜ್ವಾಲಾಮುಖಿ ಬಾಯಿಯೇ. ಒಳಗೆಲ್ಲ ಉಪ್ಪುನೀರಲ್ಲಿ ಬೆಳೆಯೋ ಕಾಂಡ್ಲಾ ಗಿಡ, ನಮ್ಮ ಕಾಳಿ ನದಿ ಅಳಿವೆಯ ಹಾಗೇ ವಾಸನೆ. ಮೊದಲ ಸಲ ಹೋದಾಗ ಅತ್ತುಬಿಟ್ಟೆ. ಅಲ್ಲಿ ನಾನು ಕಳೆ ಕೀಳೋಕೆ ಹೋಗುತ್ತೇನೆ. ಮಾತ್ ಪ್ಲಾಂಟ್ ಅನ್ನೋ ಕಳೆ ಬಳ್ಳಿಯ ಹಾಲು ತಾಗಿ ಎರಡು ವಾರ ಕೈ ಉರಿದಿದೆ. ಅದಕ್ಕಿಂತ ಕಷ್ಟ ಸುಗಂಧಿ. ಗೆಡ್ಡೆ ಚಾಪೆ ಹಾಸಿದ ಹಾಗೆ ಹಬ್ಬುತ್ತೆ, ಕೆಳಗೆ ಬೇರೆ ಯಾವ ಸಸಿಯೂ ಏಳೋದಿಲ್ಲ. ಬೆರಳಷ್ಟು ಚೂರು ಉಳಿದರೂ ಮತ್ತೆ ಚಿಗುರುತ್ತೆ. ನಮ್ಮವರೇ ಕೆಲವರು ಹಿತ್ತಲಲ್ಲಿ ಬೆಳೆಸಿ ಹಂಚುತ್ತಾರೆ!

ತೀರ್ಥಹಳ್ಳಿ ಅತ್ತೆ: ನನಗೇ ಹೇಳಿದ್ದು ಅಂತ ಗೊತ್ತಾಯಿತು. ಅದು ಹಳದಿ ಸುಗಂಧಿ. ಶ್ರಾವಣದಲ್ಲಿ ನಮ್ಮತ್ತೆ ಮುಡಿಸುತ್ತಿದ್ದ ಹೂವು. ಇಲ್ಲಿ ಹನ್ನೊಂದು ವರ್ಷದಿಂದ ಸಾಕಿದ್ದೇನೆ.

ಕಾರವಾರ ಕಾಂಡ್ಲಾ: ಅತ್ತೆ, ಹಳದಿಯೂ ಇಲ್ಲಿ ಕಳೆಯ ಪಟ್ಟಿಯಲ್ಲೇ ಇದೆ. ಹಂಚೋ ಹಾಗಿಲ್ಲ.

ತೀರ್ಥಹಳ್ಳಿ ಅತ್ತೆ: ನನ್ನ ಹಿತ್ತಲಿಗೂ ನಿಮ್ಮ ಕ್ರೇಟರಿಗೂ ಎಷ್ಟು ದೂರ, ಹೇಳಿ!

ಹಾಸನದ ಹುಡುಗಿ: ಅಮ್ಮನ ಮಂಡಿ...

ಮಂಡ್ಯದವಳು: ಪನ್ಮೂರ್ ಕಣಮ್ಮ. ಶೂ ಊರಲ್ಲೇ ಕೊಡಿಸಿ ಕರ್ಕೊಂಡು ಬಾ.

ಮಾಂಗೆರೆ ಮಾವ: ಶೂ ಇದ್ದರೆ ಲಗೂನೂ ಆಗುತ್ತೆ. ಅಪ್ಪನನ್ನಾದರೂ ಕಳಿಸು, ದುರ್ಬೀನು ನಾನು ಕೊಡುತ್ತೇನೆ.

ಕಾರವಾರ ಕಾಂಡ್ಲಾ: ಅತ್ತೆ, ದೂರ ಎಷ್ಟಾದರೂ ಇರಲಿ, ಗೆಡ್ಡೆಯ ಚೂರು ಹಂಚಿದವರ ಕೈಯಲ್ಲೇ ಹೋಗುತ್ತೆ. ಶನಿವಾರ ಗುದ್ದಲಿ ತಗೊಂಡು ಮನೆಗೇ ಬರುತ್ತೇನೆ. ಹೂವು ಕೊಯ್ದಿಟ್ಟುಕೊಂಡಿರಿ.