ಕೀಮೋ ನಡೆಯುತ್ತಿರುವ ತಂದೆಯವರ ತೊಡೆಗೆ ಮನೆಯಲ್ಲೇ ಕರೆಂಟ್ ಕೊಡಬಹುದೇ?

ಪ್ರಶ್ನೆ (ಗಿರಿನಗರದಿಂದ)

ನನ್ನ ತಂದೆಯವರಿಗೆ 74 ವರ್ಷ. ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆಯಾಗಿ ಈಗ ಕೀಮೋ ನಡೆಯುತ್ತಿದೆ. ಮೂರು ತಿಂಗಳ ಹಿಂದೆ ಬೆಳಗಾದರೆ ತಾವೇ ನಡೆದುಹೋಗಿ ಹಾಲು ತರುತ್ತಿದ್ದವರು ಈಗ ಕುರ್ಚಿಯ ಕೈಗಳನ್ನು ಒತ್ತಿ ಹಿಡಿಯದೆ ಏಳಲಾರರು. ತೊಡೆಗಳು ಸೊರಗಿರುವುದು ಪಂಚೆ ಉಟ್ಟಾಗಲೂ ತಿಳಿಯುತ್ತದೆ. ನಮ್ಮದು ಲಿಫ್ಟ್ ಇಲ್ಲದ ಎರಡನೆಯ ಮಹಡಿಯ ಮನೆ; ವಾರಕ್ಕೆ ಮೂರು ಸಲ ಅವರನ್ನು ಇಳಿಸಿ ಹತ್ತಿಸಿ ಫಿಸಿಯೋಥೆರಪಿಗೆ ಕರೆದೊಯ್ಯುವುದು ಆಗುತ್ತಿಲ್ಲ. ಪಕ್ಕದ ಮನೆಯವರು ತಮ್ಮ ಮಂಡಿನೋವಿಗೆಂದು ಕೊಂಡಿದ್ದ, ಪ್ಯಾಡ್ ಅಂಟಿಸಿ ಕರೆಂಟ್ ಕೊಡುವ ಚಿಕ್ಕ ಯಂತ್ರವನ್ನು ನಮಗೆ ಕೊಟ್ಟಿದ್ದಾರೆ. ಇದನ್ನು ತೊಡೆಗೆ ಹಾಕಿದರೆ ಶಕ್ತಿ ಬರುತ್ತದೆಯೇ? ಕರೆಂಟಿನಿಂದ ಕ್ಯಾನ್ಸರ್ ಹರಡುತ್ತದೆ ಎಂದು ನಮ್ಮ ಚಿಕ್ಕಮ್ಮ ಹೆದರುತ್ತಿದ್ದಾರೆ. ತಿಳಿದವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉತ್ತರ 1 (ಫಿಸಿಯೋಥೆರಪಿಸ್ಟ್, ಜಯನಗರ)

ಮೊದಲು ಆ ಯಂತ್ರ ಯಾವುದೆಂದು ನೋಡಿ. ನೋವಿಗೆ ಬಳಸುವುದು ಸಾಮಾನ್ಯವಾಗಿ ಟೆನ್ಸ್ ಯಂತ್ರ. ಅದು ಸಂವೇದನೆಯ ನರಗಳನ್ನು ಪ್ರಚೋದಿಸಿ ನೋವಿನ ಅರಿವನ್ನು ತಗ್ಗಿಸುತ್ತದೆಯೇ ಹೊರತು ಸ್ನಾಯುವನ್ನು ದುಡಿಸುವುದಿಲ್ಲ. ನಿಮ್ಮ ತಂದೆಯವರಿಗೆ ಬೇಕಾದದ್ದು ಎನ್‌ಎಂಇಎಸ್ ಎಂದು ಕರೆಯುವ ಬೇರೆ ಬಗೆಯದು. ಅದು ತೊಡೆಯ ಮುಂಭಾಗದ ಸ್ನಾಯುವನ್ನು ಕಣ್ಣಿಗೆ ಕಾಣುವಂತೆ ಬಿಗಿಗೊಳಿಸಿ, ಮತ್ತೆ ಸಡಿಲ ಬಿಡುತ್ತದೆ. ಸಾಮಾನ್ಯವಾಗಿ 35ರಿಂದ 50 ಹರ್ಟ್ಸ್ (ಅಂದರೆ ಸೆಕೆಂಡಿಗೆ ಅಷ್ಟು ಸಲ ಕರೆಂಟಿನ ಮಿಡಿತ), ಐದಾರು ಸೆಕೆಂಡು ಬಿಗಿತ, ಅದರ ಎರಡು ಮೂರು ಪಟ್ಟು ವಿರಾಮ, ದಿನಕ್ಕೆ 20ರಿಂದ 30 ನಿಮಿಷ. ಈ ವಿರಾಮವನ್ನು ಕಡಿಮೆ ಮಾಡಬಾರದು. ನಾವೇ ಕಾಲು ಎತ್ತುವಾಗ ಸ್ನಾಯುವಿನ ಎಳೆಗಳು ಸರದಿಯಂತೆ ದುಡಿಯುತ್ತವೆ. ಕರೆಂಟ್ ಮಾತ್ರ ಅವೇ ಎಳೆಗಳನ್ನು ಮತ್ತೆ ಮತ್ತೆ ದುಡಿಸುವುದರಿಂದ ದಣಿವು ಬೇಗ ಬರುತ್ತದೆ.

ಚಿಕ್ಕಮ್ಮನವರ ಹೆದರಿಕೆಯನ್ನು ತಳ್ಳಿಹಾಕಬೇಡಿ. ಗೆಡ್ಡೆ ಇರುವ ಜಾಗದ ಮೇಲೆ ಪ್ಯಾಡ್ ಇಡಬಾರದು ಎಂಬುದು ನಮ್ಮ ವೃತ್ತಿಯಲ್ಲಿ ಎಲ್ಲರೂ ಪಾಲಿಸುವ ಎಚ್ಚರಿಕೆ. ಹೊಟ್ಟೆ, ಸೊಂಟಕ್ಕೆ ಬೇಡವೇ ಬೇಡ. ತೊಡೆಗೆ ಹಾಕುವ ಮುನ್ನವೂ ಕಾಲಿನ ಮೂಳೆಗೆ ರೋಗ ಹರಡಿದೆಯೇ, ರಕ್ತನಾಳದಲ್ಲಿ ಹೆಪ್ಪುಗಟ್ಟಿದೆಯೇ, ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್ ಕಣಗಳು ಎಷ್ಟಿವೆ ಎಂದು ಕ್ಯಾನ್ಸರ್ ವೈದ್ಯರನ್ನು ಕೇಳಿ. ಪೇಸ್‌ಮೇಕರ್ ಇದ್ದರೆ ಯಂತ್ರವನ್ನು ಮುಟ್ಟಲೇಬೇಡಿ. ಇನ್ನೊಂದು ಮಾತು: ಕರುಳಿನ ಕ್ಯಾನ್ಸರ್‌ಗೆ ಹೆಚ್ಚಾಗಿ ಕೊಡುವ ಆಕ್ಸಾಲಿಪ್ಲಾಟಿನ್ ಎಂಬ ಕೀಮೋ ಔಷಧಿ ಕೈಕಾಲುಗಳಲ್ಲಿ ಜೋಮು ತರುತ್ತದೆ. ಚರ್ಮಕ್ಕೆ ಸ್ಪರ್ಶ ತಿಳಿಯದಿದ್ದರೆ ಪ್ಯಾಡ್ ಕೆಳಗೆ ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲ.

ಉತ್ತರ 2 (ಮಲ್ಲೇಶ್ವರದಿಂದ)

ನಮ್ಮ ತಾಯಿಯವರಿಗೆ, ವೈದ್ಯರ ಒಪ್ಪಿಗೆಯ ಮೇಲೆ, ಎರಡು ತಿಂಗಳು ಬಳಸಿದೆವು. ಯಂತ್ರ ಮಾರಿದವರು ಜೋರಾಗಿಟ್ಟರೆ ಬೇಗ ಗುಣ ಕಾಣುತ್ತದೆ ಎಂದಿದ್ದರು. ಮೊದಲ ದಿನವೇ ಹಾಗೆ ಮಾಡಿ, ಅಮ್ಮ ಎರಡು ದಿನ ತೊಡೆ ಮುಟ್ಟಿಸಿಕೊಳ್ಳಲಿಲ್ಲ; ಆ ಪೆಟ್ಟಿಗೆಯನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ನನಗೆ ಇಂದಿಗೂ ಅದು ನೋವಿನ ವಿಷಯ. ಆಮೇಲೆ ಮನೆಗೆ ಬಂದ ಫಿಸಿಯೋಥೆರಪಿಸ್ಟ್ ಇರುವೆ ಹರಿದಂತಾಗುವ ಮಟ್ಟದಿಂದ ಆರಂಭಿಸಿ ದಿನಕ್ಕೆ ಸ್ವಲ್ಪ ಸ್ವಲ್ಪ ಏರಿಸಿದರು. ಏರಿಸುವ ಗುಂಡಿಯನ್ನು ಅಮ್ಮನ ಕೈಗೇ ಕೊಟ್ಟರು. ಅದರಿಂದ ಹೆದರಿಕೆ ಹೋಯಿತು. ಕರೆಂಟ್ ಬಂದಾಗಲೆಲ್ಲ ಅಮ್ಮ ತಾವೂ ಮಂಡಿಯನ್ನು ನೇರಗೊಳಿಸುತ್ತಿದ್ದರು. ಕೀಮೋ ಆದ ಮೂರು ದಿನ ಒತ್ತಾಯ ಮಾಡುತ್ತಿರಲಿಲ್ಲ. ಪ್ಯಾಡಿನ ಅಂಟು ಒಣಗಿದರೆ ಚುಚ್ಚುತ್ತದೆ, ಬದಲಾಯಿಸಿ.

ಉತ್ತರ 3 (ಬಸವನಗುಡಿಯಿಂದ)

ಇದರಿಂದ ಎಷ್ಟನ್ನು ನಿರೀಕ್ಷಿಸಬಹುದು ಎಂಬುದನ್ನೂ ಹೇಳಬೇಕು. ಶ್ವಾಸಕೋಶದ ದೀರ್ಘಕಾಲದ ಕಾಯಿಲೆ, ಹೃದಯದ ವೈಫಲ್ಯ ಮತ್ತು ಎದೆಗೂಡಿನೊಳಗಿನ ಕ್ಯಾನ್ಸರ್ ಇರುವವರ ಮೇಲಿನ ಅಧ್ಯಯನಗಳನ್ನು ಕೂಡಿಸಿ ನೋಡಿದ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಶೋಧಕರ ಸಂಸ್ಥೆಯ 2016ರ ವಿಮರ್ಶೆಯಲ್ಲಿ ತೊಡೆಯ ಬಲ ಹೆಚ್ಚಿದ್ದು ಕಂಡಿತು. ಆದರೆ ಆ ಪುರಾವೆಯ ಗುಣಮಟ್ಟ ಕಡಿಮೆ ಎಂದು ವಿಮರ್ಶಕರೇ ಬರೆದರು. ಕೀಮೋ ಪಡೆಯುತ್ತಿದ್ದ ಶ್ವಾಸಕೋಶ ಕ್ಯಾನ್ಸರ್ ರೋಗಿಗಳ ಮೇಲೆ ಬ್ರಿಟನ್ನಿನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹಲವರಿಗೆ ಇದನ್ನು ನಿಯಮಿತವಾಗಿ ಮುಂದುವರಿಸಲಾಗಲಿಲ್ಲ. ಆದ್ದರಿಂದ ಏಳಲಾಗದ ದಿನಗಳಿಗೆ ಇದನ್ನು ಆಸರೆಯಾಗಿ ಇಟ್ಟುಕೊಂಡು, ಏಳಬಲ್ಲ ದಿನಗಳಲ್ಲಿ ಕುರ್ಚಿಯಿಂದ ಎದ್ದು ಕೂರುವ ಅಭ್ಯಾಸವನ್ನೇ ಮಾಡಿಸುವುದು ಸರಿ ಎಂದು ನನ್ನ ಅಭಿಪ್ರಾಯ. ಐದು ಸಲ ಎದ್ದು ಕೂರಲು ಎಷ್ಟು ಸೆಕೆಂಡು ಹಿಡಿಯುತ್ತದೆಂದು ವಾರಕ್ಕೊಮ್ಮೆ ಬರೆದಿಡಿ. 15ಕ್ಕಿಂತ ಹೆಚ್ಚಾದರೆ ಬಲ ಕಡಿಮೆಯಾಗಿದೆ ಎಂದರ್ಥ.

ಊಟವನ್ನು ಮರೆಯಬೇಡಿ. ಕ್ಯಾನ್ಸರ್ ರೋಗಿಗಳಿಗೆ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 1 ಗ್ರಾಂಗಿಂತ ಹೆಚ್ಚು, ಸಾಧ್ಯವಾದರೆ 1.5 ಗ್ರಾಂವರೆಗೆ ಪ್ರೋಟೀನ್ ಬೇಕೆಂದು ಯುರೋಪಿನ ಪೌಷ್ಟಿಕತಜ್ಞರ ಮಾರ್ಗಸೂಚಿ ಹೇಳುತ್ತದೆ. ಅನ್ನ ತಿಳಿಸಾರಿನಲ್ಲಿ ಅದು ಸಿಗುವುದಿಲ್ಲ. ಗಟ್ಟಿ ತೊವ್ವೆ, ಹಾಲು, ಪನೀರ್, ತಿನ್ನುವವರಾದರೆ ಮೊಟ್ಟೆ ಸೇರಬೇಕು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಪೆಟ್ಟಿಗೆಯನ್ನು ನೋಡಿದೆ, ಅದು ಟೆನ್ಸ್ ಯಂತ್ರವೇ. ಪಕ್ಕದ ಮನೆಗೆ ಹಿಂದಿರುಗಿಸುತ್ತೇನೆ. ಹತ್ತಿಯಿಂದ ಮುಟ್ಟಿ ನೋಡಿದಾಗ ಅಪ್ಪನಿಗೆ ತೊಡೆಯಲ್ಲಿ ಸ್ಪರ್ಶ ಚೆನ್ನಾಗಿ ತಿಳಿಯುತ್ತಿದೆ, ಪಾದದಲ್ಲಿ ಮಾತ್ರ ಜೋಮಿದೆ. ಗುರುವಾರ ಕೀಮೋಗೆ ಹೋದಾಗ ಉತ್ತರ 1ರಲ್ಲಿರುವ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ವೈದ್ಯರನ್ನು ಕೇಳುತ್ತೇನೆ. ಇಂದು ಸಂಜೆ ಐದು ಸಲ ಎದ್ದು ಕೂರಲು ಅವರಿಗೆ 27 ಸೆಕೆಂಡು ಹಿಡಿಯಿತು, ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದೇನೆ.