ಸಹಾಯ ಬೇಕು: ಥೈರಾಯ್ಡ್ ಕ್ಯಾನ್ಸರ್, ಟರ್ಟ್ ಜೀನ್ ಟೆಸ್ಟ್ ಮುಂಬೈಯಲ್ಲಿ ಎಲ್ಲಿ ಮಾಡಿಸೋದು?

ಎಲ್ಲರಿಗೂ ನಮಸ್ಕಾರ. ನಾವು ಡೊಂಬಿವಲಿಯಲ್ಲಿದ್ದೇವೆ, ಊರು ಧಾರವಾಡದ ಕಡೆ. ನಮ್ಮ ಅತ್ತೆಗೆ 61 ವರ್ಷ. ಹೋದ ತಿಂಗಳು ಥೈರಾಯ್ಡ್ ಪೂರ್ತಿ ತೆಗೆದರು. ಪ್ಯಾಪಿಲ್ಲರಿ ಕ್ಯಾನ್ಸರ್, ಅಂದರೆ ಥೈರಾಯ್ಡ್ ಕ್ಯಾನ್ಸರಿನ ಒಂದು ಬಗೆ. ರಿಪೋರ್ಟಿನ ಕೊನೆಯಲ್ಲಿ ‘ಬಿರಾಫ್ ವಿ600ಇ ಪಾಸಿಟಿವ್’ ಅಂತ ಒಂದೇ ಸಾಲು. ಅತ್ತೆ ಆ ಸಾಲಿನ ಮೇಲೆ ಬೆರಳಿಟ್ಟು ‘ಇದೇನು?’ ಅಂತ ದಿನಾ ಕೇಳುತ್ತಾರೆ.

ಓದಿ ತಿಳಿದುಕೊಂಡಿದ್ದು ಇಷ್ಟು. ಪ್ಯಾಪಿಲ್ಲರಿ ಇರುವವರಲ್ಲಿ ಹೆಚ್ಚುಕಡಿಮೆ ಅರ್ಧ ಜನರಿಗೆ ಬಿರಾಫ್ ಅನ್ನೋ ಜೀನಿನ ಈ ಬದಲಾವಣೆ ಇರುತ್ತದೆ. ಸುಮ್ನೆ ಇದೊಂದನ್ನೇ ನೋಡಿ ಹೆದರಬೇಕಿಲ್ಲ. ಗಡ್ಡೆಯ ಗಾತ್ರ, ಕತ್ತಿನ ಲಿಂಫ್ ಗಂಟುಗಳು, ವಯಸ್ಸು 55 ದಾಟಿದೆಯಾ ಅನ್ನೋದು, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಆದರೆ ಬಿರಾಫ್ ಜೊತೆ ಟರ್ಟ್ ಅನ್ನೋ ಇನ್ನೊಂದು ಜೀನಿನ ಪ್ರೊಮೋಟರ್‌ನಲ್ಲಿ (ಜೀನನ್ನು ಚಾಲೂ ಮಾಡುವ ಭಾಗ) ಬದಲಾವಣೆಯೂ ಇದ್ದರೆ ಕಾಯಿಲೆ ಮರುಕಳಿಸುವ ಅಪಾಯ ಜಾಸ್ತಿ. ಟರ್ಟ್ ಟೆಸ್ಟ್ ಇನ್ನೂ ಆಗಿಲ್ಲ. ಆಪರೇಷನ್ ಆದ ಆಸ್ಪತ್ರೆಯಲ್ಲಿ ಆ ಸೌಲಭ್ಯ ಇಲ್ಲ, ಪ್ಯಾರಾಫಿನ್ ಬ್ಲಾಕ್ (ಗಡ್ಡೆಯ ತುಣುಕನ್ನು ಮೇಣದಲ್ಲಿ ಹುದುಗಿಸಿಟ್ಟಿದ್ದು) ಕೊಡುತ್ತೇವೆ ಅಂದಿದ್ದಾರೆ.

ಪರೇಲ್‌ನ ಟಾಟಾ ಮೆಮೋರಿಯಲ್‌ಗೆ ಹೊರಗಿನ ಬ್ಲಾಕ್ ಒಯ್ದು ತೋರಿಸಿದವರು ಯಾರಾದರೂ ಇದ್ದೀರಾ? ಸ್ಲೈಡ್ ಕೂಡ ಬೇಕಾ? ರಿಪೋರ್ಟ್ ಎಷ್ಟು ದಿನಕ್ಕೆ ಬಂತು, ಎಷ್ಟು ಖರ್ಚಾಯಿತು? ಪುಣೆಯಲ್ಲಿ ಒಳ್ಳೆ ಲ್ಯಾಬ್ ಗೊತ್ತಿದ್ದರೂ ಹೇಳಿ, ಹೋಗಿಬರುತ್ತೇವೆ. ರೇಡಿಯೋ ಅಯೋಡಿನ್ (ಉಳಿದಿರುವ ಥೈರಾಯ್ಡ್ ಕೋಶಗಳನ್ನು ನಾಶಮಾಡುವ ಔಷಧ) ಕೊಡೋದು ಬಿಡೋದು ಇನ್ನೂ ತೀರ್ಮಾನ ಆಗಿಲ್ಲ, ಅದಕ್ಕೇ ಅವಸರ.

ಅತ್ತೆಗೆ ಕನ್ನಡ ಬಿಟ್ಟು ಬೇರೆ ಭಾಷೆ ಬರೋದಿಲ್ಲ. ಕನ್ನಡದಲ್ಲಿ ಕೂತು ವಿವರಿಸುವ ಡಾಕ್ಟರ್ ಸಿಕ್ಕರೆ ಅವರಿಗೆ ಅರ್ಧ ಧೈರ್ಯ ಬರುತ್ತದೆ. ದಯವಿಟ್ಟು ಮನೆಮದ್ದು ಮಾತ್ರ ಹೇಳಬೇಡಿ. ಈ ದಾರಿಯಲ್ಲಿ ಹೋಗಿಬಂದವರು ಇಲ್ಲೇ ಬರೆಯಿರಿ, ಅಥವಾ ನನಗೆ ಮೆಸೇಜ್ ಮಾಡಿ, ರಿಪೋರ್ಟ್ ಕಳಿಸುತ್ತೇನೆ.