ಹುಡುಗಿ ನೋಟ್‌ಬುಕ್‌ನಲ್ಲಿ ಬರೆದದ್ದು ನೋಡಿ ಭಯವಾಗಿದೆ, ನೇರವಾಗಿ ಕೇಳಬಹುದಾ?

ಪ್ರಶ್ನೆ (ಕನ್ನಡ ಟೀಚರ್):
ನಾನು ಹಾಸನ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ಹತ್ತನೇ ಕ್ಲಾಸಿನ ಒಬ್ಬಳ ಪ್ರಬಂಧದ ನೋಟ್‌ಬುಕ್ ತಿದ್ದುವಾಗ ಕೊನೇ ಪುಟದಲ್ಲಿ ಪೆನ್ಸಿಲ್‌ನಲ್ಲಿ ಒಂದು ಸಾಲು ಇತ್ತು: "ನಾನಿಲ್ಲದಿದ್ದರೆ ಅಪ್ಪನಿಗೆ ಒಂದು ಖರ್ಚು ಕಡಿಮೆ." ಅಳಿಸಿ, ಮತ್ತೆ ಅದನ್ನೇ ಬರೆದಿದ್ದಾಳೆ. ಕಳೆದ ವಾರ ತನ್ನ ಜಾಮಿಟ್ರಿ ಬಾಕ್ಸನ್ನು ಗೆಳತಿಗೆ ಕೊಟ್ಟುಬಿಟ್ಟಳಂತೆ. ಮೊದಲು ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದವಳು ಈಗ ಗೋಡೆ ಪಕ್ಕ ತಲೆ ಇಟ್ಟು ಮಲಗಿರುತ್ತಾಳೆ. ನಾನು ಕೇಳಿದರೆ ಇಲ್ಲದ ಯೋಚನೆಯನ್ನು ನಾನೇ ತಲೆಗೆ ಹಾಕಿದ ಹಾಗೆ ಆಗುತ್ತಾ? ಹೆಡ್‌ಮಾಸ್ಟರ್ "ಸುಮ್ನೆ ದೊಡ್ಡದು ಮಾಡಬೇಡಿ, ಸ್ಕೂಲ್ ಹೆಸರು ಹಾಳಾಗುತ್ತೆ" ಅಂದರು.

ಉತ್ತರ 1 (ಆಪ್ತ ಸಮಾಲೋಚಕಿ):
ಕೇಳಿ. ಇವತ್ತೇ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಒಳಗೇ ಇಟ್ಟುಕೊಂಡ ಮಗುವಿಗೆ ಮನಸ್ಸು ಹಗುರಾಗುತ್ತದೆ. "ಸಾಯಬೇಕು ಅನ್ನಿಸ್ತಿದೆಯಾ?" ಅಂತಲೇ ಕೇಳಿ, ಸುತ್ತಿ ಬಳಸಬೇಡಿ. ಇಷ್ಟದ ವಸ್ತು ಹಂಚುವುದು ದೊಡ್ಡ ಸೂಚನೆ. ಈ ವಯಸ್ಸಿನಲ್ಲಿ ಖಿನ್ನತೆ ಬರೀ ಅಳುವಾಗಿ ಬರುವುದಿಲ್ಲ, ಸಿಡುಕು, ತಲೆನೋವು, ನಿದ್ದೆ ಏರುಪೇರು ಹೀಗೂ ಬರುತ್ತದೆ, ನಾವು ಅದನ್ನು ಸೋಮಾರಿತನ ಅಂದುಬಿಡುತ್ತೇವೆ. "ಯಾರಿಗೂ ಹೇಳಲ್ಲ" ಅಂತ ಮಾತ್ರ ಮಾತು ಕೊಡಬೇಡಿ. ಹೌದು ಅಂದರೆ ಒಂಟಿಯಾಗಿ ಬಿಡಬೇಡಿ, ಅಲ್ಲೇ ಕೂತು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಮನೆಯವರಿಗೆ ಔಷಧಿಗಳನ್ನು ಬೀಗ ಹಾಕಿ ಇಡಲು ಹೇಳಿ.

ಉತ್ತರ 2 (ವಕೀಲ):
ಹೆಡ್‌ಮಾಸ್ಟರಿಗೆ ತೋರಿಸಿ: 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಮಾರ್ಗಸೂಚಿ ಪ್ರಕಾರ 100 ಅಥವಾ ಅದಕ್ಕಿಂತ ಜಾಸ್ತಿ ಮಕ್ಕಳಿರುವ ಸಂಸ್ಥೆಯಲ್ಲಿ ಒಬ್ಬ ಸಮಾಲೋಚಕರು ಇರಬೇಕು, ಸಿಬ್ಬಂದಿಗೆ ವರ್ಷಕ್ಕೆ ಎರಡು ಸಲ ತರಬೇತಿ ಕೊಡಬೇಕು. ತಂದೆ ತಾಯಿ ಪೊಲೀಸ್ ಕೇಸ್ ಭಯದಿಂದ ಮುಚ್ಚಿಡುತ್ತಾರೆ, ಅದೂ ಬೇಡ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಆತ್ಮಹತ್ಯೆಗೆ ಯತ್ನಿಸಿದವರನ್ನೂ ತೀವ್ರ ಒತ್ತಡದಲ್ಲಿರುವವರು ಅಂತ ನೋಡುತ್ತದೆ, ಶಿಕ್ಷೆ ಕೊಡುವುದಿಲ್ಲ.

ಉತ್ತರ 3 (ಈಗ ಡಿಗ್ರಿ ಓದುತ್ತಿರುವವನು):
ಹತ್ತನೇ ಕ್ಲಾಸಿನಲ್ಲಿ ನಾನೂ ಹೀಗೇ ಇದ್ದೆ ಮೇಡಂ. ಎಲ್ಲರೂ "ಧೈರ್ಯವಾಗಿರು" ಅಂದರು. ಪಿಟಿ ಮೇಷ್ಟ್ರು ಒಬ್ಬರೇ ಗ್ರೌಂಡಿನ ಕಟ್ಟೆ ಮೇಲೆ ಪಕ್ಕದಲ್ಲಿ ಕೂತು, "ಎಷ್ಟು ದಿನದಿಂದ ಹೀಗೆ?" ಅಂತ ಕೇಳಿ ಸುಮ್ಮನಾದರು. ಉತ್ತರ ಹೇಳಲು ನನಗೆ ಹತ್ತು ನಿಮಿಷ ಬೇಕಾಯ್ತು. ಅವರು ಎದ್ದು ಹೋಗಲಿಲ್ಲ. ಅವಳ ವಿಷಯ ಸ್ಟಾಫ್ ರೂಮಿನಲ್ಲಿ ಮಾತಾಗದಿರಲಿ, ದಯವಿಟ್ಟು.

ಕನ್ನಡ ಟೀಚರ್ (ಸಂಜೆ):
ಬಿಸಿಯೂಟ ಆದ ಮೇಲೆ ಲೈಬ್ರರಿ ಕೋಣೆಯಲ್ಲಿ ಕೇಳಿದೆ. ತುಂಬಾ ಹೊತ್ತು ನೋಟ್‌ಬುಕ್ಕಿನ ಅಂಚು ಮಡಚುತ್ತಾ ಕೂತಿದ್ದಳು, ಆಮೇಲೆ "ಹೌದು ಮಿಸ್" ಅಂದಳು. ಅಲ್ಲಿಂದಲೇ 14416ಕ್ಕೆ ಫೋನ್ ಮಾಡಿದೆವು. ಅಮ್ಮನನ್ನು ಕರೆಸಿದೆ, ರಾತ್ರಿ ಮಗಳ ಪಕ್ಕದಲ್ಲೇ ಮಲಗುತ್ತಾರೆ. ನಾಳೆ ಮಂಗಳವಾರ, ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ. ನಾನೂ ರಜೆ ಹಾಕಿ ಜೊತೆಗೆ ಹೋಗುತ್ತಿದ್ದೇನೆ.